ಎರಡು ಪಂಕ್ತಿಯ ಪಡಸಾಲೆ

ಕಲ್ಲಮ್ಮನ ವಿಚಾರ ಬರೆಯಲು ನನಗಿಂತ ತಕ್ಕವರು ಅಜ್ಜಂಪುರದಲ್ಲಿ ಇನ್ನೊಬ್ಬರಿಲ್ಲ. ಅವಳನ್ನು ಕಟ್ಟಿಕೊಂಡ ದೇವೀರಪ್ಪನೂ ಅವಳನ್ನು ನನ್ನಷ್ಟು ನೋಡಿರಲಾರ. ಬೆಳಿಗ್ಗೆ ಎಷ್ಟು ಹೊತ್ತಿಗೆ ಅವಳ ಒಲೆ ಹೊತ್ತುತ್ತದೆ, ಯಾವ ಎಮ್ಮೆ ಬತ್ತಿದೆ, ಯಾವುದು ಗಬ್ಬವಾಗಿದೆ, ಗೌರಿ ಹಬ್ಬಕ್ಕೆ ಯಾವ ಬಣ್ಣದ ಸೀರೆ ಬಂತು, ಅದರ ಸೆರಗು ಎಷ್ಟು ಅಗಲ, ಎಲ್ಲ ನನಗೆ ಬಾಯಿಪಾಠ. ಪ್ರೀತಿಯಿಂದ ನೋಡಿದೆ ಎಂದು ಯಾರಾದರೂ ತಿಳಿದುಕೊಂಡರೆ ಅದು ಅವರ ತಪ್ಪು. ನಾನು ನೋಡಿದ್ದು ಹೊಟ್ಟೆಕಿಚ್ಚಿನಿಂದ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕಾಗಿದೆ?

ನಮ್ಮದು ಗಾಣದ ಬೀದಿ. ನಮ್ಮ ಮನೆ, ಕಲ್ಲಮ್ಮನ ಮನೆ, ಎರಡೂ ಮಣ್ಣಿನ ಮಾಳಿಗೆಯವು, ತೊಲೆಯ ಮೇಲೆ ಮಣ್ಣು ಹಾಸಿದ ಸಮತಟ್ಟು ಸೂರು. ಯಾವುದೋ ಕಾಲದಲ್ಲಿ ಎರಡೂ ಸೇರಿ ಇಬ್ಬರು ಅಣ್ಣತಮ್ಮಂದಿರ ಒಂದೇ ಮನೆಯಾಗಿತ್ತಂತೆ. ಭಾಗವಾದಾಗ ನಡುವಿನ ಗೋಡೆಯನ್ನು ಏನೂ ಮಾಡಲಾಗದೆ ಇಬ್ಬರಿಗೂ ಸೇರಿದ್ದು ಎಂದು ಬರೆದು ಬಿಟ್ಟಿದ್ದರು. ಎರಡು ಮೊಳ ದಪ್ಪದ ಮಣ್ಣುಗೋಡೆ ಅದು. ಆ ಕಡೆಯಿಂದ ಅವರ ತೊಲೆ, ಈ ಕಡೆಯಿಂದ ನಮ್ಮ ತೊಲೆ, ಎಲ್ಲ ಅದರ ಮೇಲೇ ಕೂತಿದ್ದವು. ಅಡುಗೆಮನೆಯ ಹತ್ತಿರ ಆ ಗೋಡೆಯಲ್ಲಿ ಒಂದು ಗೂಡಿತ್ತು. ಅದು ಎರಡೂ ಕಡೆಗೆ ತೆರೆದುಕೊಂಡಿತ್ತು. ನಮ್ಮ ಅತ್ತೆಯವರ ಕಾಲದಿಂದಲೂ ಕೆಂಡ, ಹೆಪ್ಪು, ಉಪ್ಪಿನಕಾಯಿ, ಚಾಡಿ ಎಲ್ಲವೂ ಆ ಗೂಡಿನ ಮೂಲಕವೇ ಓಡಾಡುತ್ತಿದ್ದವು.

ನಾನು ಸಖರಾಯಪಟ್ಟಣದವಳು, ಮಲ್ಲಿಕಾಂಬ. ಏಳನೇ ಕ್ಲಾಸು ಪಾಸಾದವಳು, ಮೇಷ್ಟ್ರು ಷಣ್ಮುಖಪ್ಪನವರ ಹೆಂಡತಿ. ನಮ್ಮ ಮನೆಯಲ್ಲಿ ಗೋಡೆ ಗಡಿಯಾರವಿತ್ತು, ರೇಡಿಯೋ ಇತ್ತು, ಮಧ್ಯಾಹ್ನದ ಬಸ್ಸಿಗೆ ಪೇಪರು ಬರುತ್ತಿತ್ತು. ಕಲ್ಲಮ್ಮ ಸಿಂಗಟಗೆರೆಯವಳು. ನಾನು ಮದುವೆಯಾಗಿ ಬಂದ ಮರುವರ್ಷ ಬಂದಳು. ಅಕ್ಷರ ಬರದು. ಗಾಳಿ ಬೀಸಿದರೆ ಹಾರಿಹೋಗುವಷ್ಟು ತೆಳ್ಳಗಿನ ಮೈ. ಗಂಡ ದೇವೀರಪ್ಪ ಎಣ್ಣೆ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಇವಳು ಒಂದು ಎಮ್ಮೆ ಕಟ್ಟಿ, ಅದು ಎರಡಾಗಿ, ಎರಡು ಐದಾಗಿ, ಊರಿನ ಎರಡು ಹೋಟೆಲಿಗೂ ಸ್ಟೇಷನ್ನಿನ ಟೀ ಅಂಗಡಿಗೂ ಹಾಲು ಹಾಕುತ್ತಿದ್ದಳು. ನಾನು ಹಳೆಯ ಸೀರೆ ಕೊಟ್ಟರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದಳು. ಆಗ ನನಗೆ ಅವಳೆಂದರೆ ಬಹಳ ವಿಶ್ವಾಸ. ಕೊಡುವ ಕೈ ನನ್ನದಾಗಿರುವವರೆಗೆ ನನ್ನಂಥ ಒಳ್ಳೆಯವಳು ಇನ್ನೊಬ್ಬಳಿರಲಿಲ್ಲ.

ಎಪ್ಪತ್ಮೂರನೇ ಇಸವಿಯಲ್ಲಿ ನಮ್ಮ ನಾದಿನಿಯ ನಿಶ್ಚಿತಾರ್ಥವಾಯಿತು. ಕಲ್ಲಮ್ಮ ಕೋಳಿ ಕೂಗುವ ಹೊತ್ತಿಗೇ ಬಂದು ಹೋಳಿಗೆಯ ಹೂರಣ ರುಬ್ಬಿದಳು, ಪಾತ್ರೆ ತೊಳೆದಳು, ಆಮೇಲೆ ಮನೆಗೆ ಹೋಗಿ ಮದುವೆಯ ಸೀರೆ ಉಟ್ಟುಕೊಂಡು ಬಂದಳು. ಊಟದ ಹೊತ್ತಿಗೆ ಪಡಸಾಲೆ ಭರ್ತಿಯಾಗಿತ್ತು. ಕಡೂರಿನಿಂದ ಬಂದ ಬೀಗರ ಪಕ್ಕದಲ್ಲಿ ಎಮ್ಮೆ ಸಗಣಿ ಬಾಚುವವಳನ್ನು ಕೂರಿಸಲು ನನಗೆ ಮನಸ್ಸಾಗಲಿಲ್ಲ. "ನೀನು ಹಿತ್ತಲಲ್ಲಿ ಬಾವಿಕಟ್ಟೆ ಹತ್ರ ಕೂತ್ಕೊಳೇ, ಅಲ್ಲೇ ಹಾಕಿಸ್ತೀನಿ" ಎಂದೆ. ಎಂಜಲೆಲೆ ಎಸೆಯುವ ಜಾಗ ಅಲ್ಲಿಂದ ನಾಲ್ಕು ಹೆಜ್ಜೆ. ಆ ರೇಷ್ಮೆ ಸೀರೆಯ ನೆರಿಗೆ ಮಣ್ಣಿಗೆ ತಾಗದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಅವಳು ಉಂಡಳು. ತನ್ನ ಎಲೆಯನ್ನು ತಾನೇ ಎತ್ತಿ ಎಸೆದು ಮನೆಗೆ ಹೋದಳು. ನಾನು ಅದನ್ನು ಅಲ್ಲಿಗೇ ಮರೆತೆ.

ಮೂರು ವರ್ಷದ ಮೇಲೆ, ದೀಪಾವಳಿ ಕಳೆದ ವಾರ, ಗೂಡಿನ ಆ ಕಡೆಯಿಂದ ಕೂಗಿದಳು.

"ಅಕ್ಕಾ, ಇದೀರಾ?"

"ಏನೇ, ಹೆಪ್ಪು ಬೇಕಾ?"

"ಹೆಪ್ಪಲ್ಲ ಕಣ್ರಕ್ಕಾ. ಮನೆ ಕಟ್ಬೇಕು ಅಂತ ಮಾಡಿದೀವಿ. ಹಳೇದು ಕಿತ್ತಾಕಿ ಮೋಲ್ಡ್ ಮನೆ."

ಮೋಲ್ಡ್ ಮನೆ ಎಂದರೆ ಸಿಮೆಂಟಿನ ತಾರಸಿ. ನಮ್ಮ ಬೀದಿಯಲ್ಲಿ ಒಂದೂ ಇರಲಿಲ್ಲ. ಮೇಷ್ಟ್ರ ಮನೆಯೇ ಮಣ್ಣಿನ ಮಾಳಿಗೆಯ ಕೆಳಗಿರುವಾಗ ಸಗಣಿಯವಳಿಗೆ ತಾರಸಿ! ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಈ ಗೋಡೆ ತೆಗೀಬೇಕಾಗುತ್ತೆ ಕಣ್ರಕ್ಕಾ," ಎಂದಳು. "ಖರ್ಚೆಲ್ಲ ನಮ್ದೇ. ಅಲ್ಲೀಗಂಟ ನಿಮ್ ತೊಲೆಗೆ ಕಂಬ ಕೊಟ್ಟು ನಿಲ್ಲಿಸ್ತೀನಿ ಅಂತ ಗಾರೆ ಚಿಕ್ಕಬೀರಪ್ಪ ಹೇಳಿದಾನೆ. ಈ ದಪ್ಪಂದು ಹೋಗಿ ತೆಳ್ಳಗೆ ಇಟ್ಟಿಗೆ ಗೋಡೆ ಬಂದ್ರೆ ನಿಮ್ಗೂ ಒಂಚೂರು ಜಾಗ ಸಿಗುತ್ತೆ, ನಮ್ಗೂ ಸಿಗುತ್ತೆ. ನಂಗೆ ಬೇರೇನೂ ಬ್ಯಾಡ. ಪಡಸಾಲೆ ಒಂದು ಅಗಲವಾಗಿ ಬೇಕು. ಎದುರುಬದುರು ಎರಡು ಪಂಕ್ತಿ ಕೂತು, ನಡುವೆ ಬಡಿಸೋರು ಓಡಾಡಂಗಿರ್ಬೇಕು. ನಮ್ಮನೇಗೆ ಬಂದೋರು ಯಾರೂ ಹಿತ್ತಲಲ್ಲಿ ಕೂತು ಉಣ್ಬಾರ್ದು."

ಹಿತ್ತಲು ಎಂದಾಗ ನನಗೆ ಮೂರು ವರ್ಷದ ಹಿಂದಿನದು ಥಟ್ಟನೆ ನೆನಪಾಯಿತು. ನಾಚಿಕೆಯಾಗಬೇಕಿತ್ತು. ಸಿಟ್ಟು ಬಂತು. ಅಷ್ಟು ದಿನ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಹತ್ತಿರ ಸೀರೆ ಇಸಿದುಕೊಳ್ಳುತ್ತಿದ್ದಳಲ್ಲ! "ನಮ್ಮೋರನ್ನ ಕೇಳಿ ಹೇಳ್ತೀನಿ" ಎಂದು ಗೂಡಿಗೆ ಹಲಗೆ ಅಡ್ಡವಿಟ್ಟೆ.

ನಮ್ಮವರು ಸಾಧು. "ಒಪ್ಪಿಕೊಂಡ್ಬಿಡೋಣ ಕಣೇ. ಖರ್ಚು ಅವರದ್ದು, ನಮಗೂ ಹೊಸ ಗೋಡೆ" ಎಂದರು. ನಾನು ಬಿಡಲಿಲ್ಲ. ತೊಲೆ ಕುಸಿದರೆ ಯಾರು ಹೊಣೆ, ಹಿರಿಯರ ಗೋಡೆಗೆ ಹಾರೆ ಹಾಕಿದರೆ ಮನೆಗೆ ಆಗಿಬರುತ್ತದೆಯೇ, ನಾಳೆ ಆ ಗೋಡೆ ನಮ್ಮದೇ ಎಂದು ಅವರು ಖಾತೆ ಮಾಡಿಸಿಕೊಂಡರೆ ಏನು ಮಾಡುತ್ತೀರಿ ಎಂದು ಮೂರು ದಿನ ತಲೆ ತಿಂದೆ. ನಾಲ್ಕನೇ ದಿನ ಅವರು ನನ್ನ ಮಾತನ್ನೇ ಆಡತೊಡಗಿದರು. ಬೀದಿಯ ಹಿರಿಯ ಮಲ್ಲಿಕಾರ್ಜುನಪ್ಪನವರ ಜಗಲಿಯಲ್ಲಿ ಪಂಚಾಯ್ತಿಯಾಯಿತು. ಅವರು ಹಳೆಯ ಭಾಗಪತ್ರ ತರಿಸಿ, ಕನ್ನಡಕ ಏರಿಸಿ ಓದಿ, "ಇಬ್ರೂ ಒಪ್ಪದೆ ಗೋಡೆ ಮುಟ್ಟಂಗಿಲ್ಲ ಕಣಮ್ಮ" ಎಂದುಬಿಟ್ಟರು.

ಅಷ್ಟರೊಳಗೆ ಕಲ್ಲಮ್ಮ ತನ್ನ ಹಳೆಯ ಮನೆಯನ್ನು ಬಿಚ್ಚಿಸಿ ಆಗಿತ್ತು. ನಾನು ಒಪ್ಪಿಯೇ ಒಪ್ಪುತ್ತೇನೆ ಎಂದು ನಂಬಿದ್ದಳು. ಖಾಲಿ ನೆಲದ ಮೇಲೆ ಚಿಕ್ಕಬೀರಪ್ಪ ಸುಣ್ಣದ ಗೆರೆ ಎಳೆದಿದ್ದ. ಆ ಗೆರೆಯೊಳಗೆ ಇವಳು ಮುತ್ತುಗದ ಎಲೆಗಳನ್ನು ಎದುರುಬದುರು ಎರಡು ಸಾಲು ಹಾಸಿ, ಹಾರದಂತೆ ಕಲ್ಲಿಟ್ಟು, ದೇವೀರಪ್ಪನನ್ನು ಒಂದರ ಮುಂದೆ ಕೂರಿಸಿ, ತಾನು ಬಡಿಸುವವಳ ಹಾಗೆ ನಡುವೆ ಬಗ್ಗಿ ಬಗ್ಗಿ ನಡೆದು ನೋಡಿದ್ದಳು. ಪಂಚಾಯ್ತಿಯ ಮರುದಿನ ಚಿಕ್ಕಬೀರಪ್ಪ ಬಂದು ಗೆರೆ ಅಳಿಸಿದ. ಮಣ್ಣುಗೋಡೆಯ ಬುಡಕ್ಕೇ ಪಾಯ ತೋಡಿದರೆ ಗೋಡೆ ಕೂರುತ್ತದೆ, ಸಂದು ಬಿಡಲೇಬೇಕು ಎಂದ. ಒಂದಡಿಗಿಂತ ಚೂರು ಹೆಚ್ಚು ಸಂದು ಬಿಟ್ಟು, ಅದರೀಚೆಗೆ ಅವಳ ಸ್ವಂತ ಗೋಡೆಗೆ ಜಾಗ ಗುರುತಿಸಿ, ಹೊಸ ಗೆರೆ ಎಳೆದ. ಎಲ್ಲ ಸೇರಿ ಅವಳಿಗೆ ಎರಡು ಮೊಳ ಹೋಯಿತು. ಒಂದು ಸಾಲು ಎಲೆ ಗೆರೆಯ ಆಚೆಗೆ ಉಳಿಯಿತು.

ನಾನು ನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುವ ನೆಪದಲ್ಲಿ ನಿಂತು ನೋಡುತ್ತಿದ್ದೆ. ಅವಳು ಹೊರಗುಳಿದ ಎಲೆಗಳನ್ನು ಒಂದೊಂದಾಗಿ ಎತ್ತಿ, ಮಣ್ಣು ಒರೆಸಿ, ಜೋಡಿಸಿ ಮಡಿಲಲ್ಲಿ ಇಟ್ಟುಕೊಂಡಳು. ಆ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ ಮಧ್ಯಾಹ್ನಕ್ಕೆ ಪಾಯಸ ಮಾಡಿದೆ. ನಮ್ಮವರು ಏನು ವಿಶೇಷ ಎಂದು ಕೇಳಿದರು. ಸುಮ್ಮನೆ ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಗೂಡಿಗೆ ಇಟ್ಟಿಗೆ ಇಟ್ಟು ಮೆತ್ತಿಸಿದೆ. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ. ಅದಕ್ಕಾಗಿ ಕಲ್ಲಮ್ಮ ಬಸ್ಸು ಹತ್ತಿ ತರೀಕೆರೆಗೆ ನಾಲ್ಕು ಸಲ ಅಲೆದಳು. ಪರ್ಮಿಟ್ಟಿನ ಸಿಮೆಂಟನ್ನು ಕಳ್ಳದಾರಿಯಲ್ಲಿ ಮಾರಿಕೊಳ್ಳುತ್ತಾರೆ ಎಂದು ನಾನು ಎಡಗೈಯಲ್ಲಿ ಒಂದು ಮೂಗರ್ಜಿ ಬರೆದು ಹಾಕಿದೆ. ಯಾರೋ ಗುಮಾಸ್ತರು ಬಂದು, ಚೀಲಗಳನ್ನು ನೋಡಿ, ಅವಳ ಮನೆಯ ಮಜ್ಜಿಗೆ ಕುಡಿದು, ಚೆನ್ನಾಗಿದೆ ಎಂದು ಇನ್ನೊಂದು ಲೋಟ ಕೇಳಿ ಇಸಿದುಕೊಂಡು ಹೋದರು.

ತಾರಸಿ ಹಾಕಿದ್ದು ಎಪ್ಪತ್ತೇಳರ ಏಪ್ರಿಲ್ ತಿಂಗಳಲ್ಲಿ. ಹಾಕಿದ ಮೇಲೆ ಇಪ್ಪತ್ತೊಂದು ದಿನ ಅದರ ಮೇಲೆ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಹತ್ತಿರದ ಬಾವಿ ನಮ್ಮ ಹಿತ್ತಲಿನದು. ಕಲ್ಲಮ್ಮ ಕೊಡ ಹಿಡಿದು ಬಂದಳು. "ಹಗ್ಗ ಕಿತ್ತೋಗಿದೆ ಕಣೇ" ಎಂದೆ. ಹಗ್ಗವನ್ನು ಆಗಲೇ ಸುತ್ತಿ ರಾಗಿ ವಾಡೆಯೊಳಗೆ ಇಟ್ಟಿದ್ದೆ. ಅವಳು ಬಾವಿಯ ರಾಟೆ ನೋಡಿದಳು, ನನ್ನ ಮುಖ ನೋಡಿದಳು, ಬೀದಿಯ ಕೊನೆಯ ಬಾವಿಗೆ ಹೋದಳು. ಆ ಬಿಸಿಲಿನಲ್ಲಿ ಹೊತ್ತು ತಂದು, ಏಣಿ ಹತ್ತಿ, ಸುರಿದು, ಮತ್ತೆ ಹೋಗುತ್ತಿದ್ದಳು. ಆಮೇಲೆ ನನಗೆ ಹೊಳೆಯಿತು. ಅವಳು ತಾರಸಿಯ ಮೇಲೆ ನಿಂತರೆ ನಮ್ಮ ಹಿತ್ತಲು ಪೂರ್ತಿ ಕಾಣುತ್ತದೆ. ಹಗ್ಗ ಕಿತ್ತುಹೋಗಿದೆ ಎಂದವಳು ಅವಳೆದುರಿಗೆ ನೀರು ಸೇದುವುದು ಹೇಗೆ? ಆ ಇಪ್ಪತ್ತೊಂದು ದಿನ ನಾನೂ ಬೀದಿಯ ಬಾವಿಯಿಂದಲೇ ಹೊತ್ತೆ. ದಾರಿಯಲ್ಲಿ ಎದುರಾದರೆ ಇಬ್ಬರೂ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಮುಖ ತಿರುಗಿಸುತ್ತಿದ್ದೆವು. ನನ್ನ ಸೊಂಟ ಹಿಡಿದುಕೊಂಡಿತು, ಅವಳ ಸೊಂಟಕ್ಕೆ ಏನೂ ಆಗಲಿಲ್ಲ. ಅದಕ್ಕೂ ನನಗೆ ಉರಿಯಿತು.

ಕಟ್ಟುವ ಮನೆಗೆ ದೃಷ್ಟಿಯಾಗಬಾರದೆಂದು ಬೆದರುಗೊಂಬೆ ಕಟ್ಟುತ್ತಾರಲ್ಲ, ಅವಳೂ ಒಂದು ಕಟ್ಟಿದಳು. ಹುಲ್ಲಿನ ಮೈ, ಮಡಕೆಯ ತಲೆ, ಅದಕ್ಕೆ ಸುಣ್ಣದ ಕಣ್ಣು, ಮಸಿಯ ಮೀಸೆ. ಸರಿಯಾಗಿ ನಮ್ಮ ಮನೆಯ ಕಡೆಗೆ ಮುಖ. ಅದು ಹೋಗಲಿ. ಅದರ ಮೈಮೇಲಿದ್ದದ್ದು ನಮ್ಮವರ ನೀಲಿ ಗೀಟಿನ ಅಂಗಿ! ಸ್ಕೂಲಿಗೆ ಹೋಗುವ ಹುಡುಗರೆಲ್ಲ ಅದನ್ನು ನೋಡಿ, "ಮೇಷ್ಟ್ರು ತಾರ್ಸಿ ಮೇಲೆ ನಿಂತವ್ರೆ ಕಣ್ರೋ" ಎಂದು ನಗುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಹೋದೆ.

"ಏನೇ ಕಲ್ಲಮ್ಮ, ನಮ್ ಯಜಮಾನ್ರ ಅಂಗೀನ ಬೆದರುಗೊಂಬೆಗೆ ಹಾಕಿದೀಯಲ್ಲ, ಮಾನ ಮರ್ಯಾದೆ ಐತೇನೇ ನಿಂಗೆ?"

"ನೀವೇ ಕೊಟ್ಟಿದ್ದಲ್ವೇನ್ರಕ್ಕಾ?" ಎಂದಳು, ಇಟ್ಟಿಗೆ ನೆನೆಸುವುದನ್ನು ನಿಲ್ಲಿಸದೆ. "ನಮ್ಮೋರಿಗೆ ಹಾಕಿ ನೋಡ್ದೆ. ಭುಜದತ್ರ ಸಾಲ್ದೇ ಹೋಯ್ತು."

ಸುತ್ತ ಇದ್ದ ಕೂಲಿಯವರು ಕೆಮ್ಮಿದರು. ನಾನು ಮನೆಗೆ ಬಂದು, ಪೇಪರು ಓದುತ್ತಾ ಕೂತಿದ್ದ ನಮ್ಮವರ ಭುಜ ನೋಡಿದೆ. ನಿಜವಾಗಿಯೂ ಸಣ್ಣದಾಗಿತ್ತು. ಹದಿನಾರು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಶ್ರಾವಣದಲ್ಲಿ ಗೃಹಪ್ರವೇಶವಾಯಿತು. ಗಂಡ ಹೆಂಡತಿ ಇಬ್ಬರೂ ಬಂದು, ಕುಂಕುಮವಿಟ್ಟು ಕರೆದರು. ನಾನು ತಲೆನೋವೆಂದು ಮಲಗಿದೆ, ನಮ್ಮವರು ಹೋದರು. ಮಲಗಿದಲ್ಲಿಂದ ಗೋಡೆಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ. ಈಗ ನಡುವೆ ಎರಡು ಗೋಡೆ, ಒಂದು ಸಂದು. ಅವಳ ಮನೆಯ ಪಾತ್ರೆ ಸದ್ದು, ಜಗಳ, ಕೆಮ್ಮು ಎಲ್ಲ ಕೇಳಿಕೊಂಡು ಬಂದಿದ್ದ ನನಗೆ ಇದ್ದಕ್ಕಿದ್ದಂತೆ ಕಿವುಡು ಬಂದ ಹಾಗಾಯಿತು. ಆ ಸಂದನ್ನು ಮಾಡಿಸಿದವಳು ನಾನೇ! ನಮ್ಮವರು ಬಂದು ಹೇಳಿದರು. ಪಡಸಾಲೆಯಲ್ಲಿ ಒಂದೇ ಪಂಕ್ತಿ, ಜನ ಸರದಿಯ ಮೇಲೆ ಉಂಡರು, ಮುಗಿಯುವ ಹೊತ್ತಿಗೆ ಎಮ್ಮೆ ಕರೆಯುವ ಸಮಯವಾಗಿತ್ತು. ಕಾಯುವವರಿಗೆ ತಾರಸಿಯ ಮೇಲೆ ಚಪ್ಪರ ಹಾಕಿಸಿದ್ದಳಂತೆ. ಮಲ್ಲಿಕಾರ್ಜುನಪ್ಪನವರು ಹಸಿವು ತಡೆಯದೆ, ಹಿತ್ತಲಲ್ಲಿ ಇನ್ನೊಂದು ಪಂಕ್ತಿ ಹಾಕಮ್ಮ ಎಂದರೂ ಅವಳು ಕೇಳಲಿಲ್ಲವಂತೆ.

ಆಮೇಲಿನ ವರ್ಷಗಳಲ್ಲಿ ನನ್ನ ಕೆಲಸ ಆ ಸಂದನ್ನು ಕಾಯುವುದಾಯಿತು. ಬೀದಿಯ ಕಡೆಗೆ ಅವಳು ಅದಕ್ಕೆ ಒಂದು ತಗಡಿನ ಬಾಗಿಲು ಇಟ್ಟಿದ್ದಳು. ಯುಗಾದಿ ಕಳೆದ ಮೇಲೆ ಒಂದು ದಿನ ನೋಡುತ್ತೇನೆ, ಸಗಣಿ ಪುಟ್ಟಿ ಹಿಡಿದುಕೊಂಡು ಅಡ್ಡಡ್ಡವಾಗಿ ಸಂದಿನೊಳಗೆ ನುಗ್ಗುತ್ತಿದ್ದಾಳೆ. ಅರ್ಧ ಗಂಟೆಯ ಮೇಲೆ ಖಾಲಿ ಪುಟ್ಟಿಯೊಂದಿಗೆ ಹೊರಬಂದಳು. ಮರುವರ್ಷವೂ ಅದೇ. ನಮ್ಮ ಗೋಡೆ ಹಾಳಾಗಲಿ ಎಂದು ಸಂದಿಗೆ ಸಗಣಿ ಸುರಿಯುತ್ತಾಳೆ ಎಂದು ನಾನು ಮಲ್ಲಿಕಾರ್ಜುನಪ್ಪನವರ ಹತ್ತಿರ ದೂರು ಕೊಂಡುಹೋದೆ. ಅವರು ಅವಳನ್ನು ಕರೆಸಿ ಕೇಳಿದರು. ಅವಳು ತಲೆತಗ್ಗಿಸಿ ನಿಂತಳೇ ಹೊರತು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಇನ್ಮೇಲೆ ಹಂಗೆ ಮಾಡ್ಬ್ಯಾಡ ಕಣವ್ವಾ" ಎಂದು ಅವರು ಬುದ್ಧಿ ಹೇಳಿ ಕಳಿಸಿದರು. ತಪ್ಪಿಲ್ಲದಿದ್ದರೆ ಬಾಯಿ ಬಿಡುತ್ತಿರಲಿಲ್ಲವೇ ಎಂದು ನಾನು ಬೀದಿಯ ತುಂಬ ಹೇಳಿಕೊಂಡು ಬಂದೆ.

ಎಂಬತ್ತೊಂದರಲ್ಲಿ ಹಿಡಿದ ಮಳೆ ಎಂಟು ದಿನ ಬಿಡಲಿಲ್ಲ. ಗಾಣದ ಬೀದಿಯಲ್ಲಿ ಮೂರು ಮನೆಗಳ ಮಣ್ಣುಗೋಡೆ ಕುಸಿದವು. ನಮ್ಮದಕ್ಕೆ ಏನೂ ಆಗಲಿಲ್ಲ. ಒಳಗಡೆ ಕೈಯಿಟ್ಟು ನೋಡಿದರೆ ತೇವ ಕೂಡ ಇಲ್ಲ. "ನಮ್ಮ ಹಿರಿಯರು ಕಟ್ಟಿದ್ದು ಅಂದ್ರೆ ಹಂಗೆ" ಎಂದು ಬಂದವರಿಗೆಲ್ಲ ತೋರಿಸಿದೆ. ಕಲ್ಲಮ್ಮನ ಬಾಗಿಲ ಮುಂದೆ ನಿಂತು ಸ್ವಲ್ಪ ಜೋರಾಗಿಯೇ ಹೇಳಿದೆ.

ಆದರೂ ಆ ತಾರಸಿಯ ಉರಿ ನನಗೆ ಆರಲಿಲ್ಲ. ಮದುವೆಗೆ ಹುಡುಗಿ ನೋಡಲು ಬಂದವರು, ಎಲೆಕ್ಷನ್ನಿಗೆ ಬಂದವರು, ದಾರಿ ಕೇಳುವವರು, ಎಲ್ಲರೂ "ಆ ಮೋಲ್ಡ್ ಮನೆ ಪಕ್ಕದ ಮನೆ" ಎಂದೇ ನಮ್ಮ ಮನೆಯನ್ನು ಗುರುತು ಹೇಳುತ್ತಿದ್ದರು. ಮೇಷ್ಟ್ರ ಮನೆ ಎನ್ನುವ ಹೆಸರು ಹೋಯಿತು. ನಾವೂ ಕಟ್ಟೋಣವೆಂದು ಪ್ರತಿ ವರ್ಷ ಹೇಳುತ್ತಿದ್ದೆ. "ಗೋಡೆ ಗಟ್ಟಿಯಾಗಿದೆಯಲ್ಲೇ, ಯಾಕೆ ಕೆಡವಬೇಕು?" ಎಂದು ಪ್ರತಿ ವರ್ಷ ನಮ್ಮವರು ನನ್ನ ಮಾತನ್ನು ನನಗೇ ಹಿಂದಕ್ಕೆ ಕೊಡುತ್ತಿದ್ದರು.

ಕೊನೆಗೆ ಎಂಬತ್ತೇಳರಲ್ಲಿ, ಮಗ ಓಂಕಾರಮೂರ್ತಿಗೆ ಬೀರೂರಿನಲ್ಲಿ ರೈಲ್ವೆ ಕೆಲಸ ಸಿಕ್ಕಿದ ಮೇಲೆ, ನಾವೂ ಹಳೆಯದನ್ನು ಕೆಡವಲು ಹೊರಟೆವು. ಗಾರೆಯವನು ಅದೇ ಚಿಕ್ಕಬೀರಪ್ಪ. ಜಂಟಿಗೋಡೆ ಈಗ ಯಾರಿಗೂ ಬೇಕಿರಲಿಲ್ಲ, ಅದನ್ನೂ ತೆಗೆಯುವುದೆಂದಾಯಿತು. ಹಾರೆ ಹಾಕುವ ಮೊದಲು ಅವನು ಮಾಳಿಗೆಯ ಕಡೆಯಿಂದ ಇಣುಕಿ ನೋಡಿ ನನ್ನನ್ನು ಕೂಗಿದ.

"ಅಮ್ಮಾರೇ, ಇಲ್ಲಿ ಬಂದು ನೋಡಿ."

ಸಂದಿನ ಕಡೆಯ ಗೋಡೆಯ ಮುಖವನ್ನು ನಾನು ಹತ್ತು ವರ್ಷ ನೋಡಿರಲಿಲ್ಲ, ಮಾಳಿಗೆಯಂಚಿನಿಂದ ಅಷ್ಟು ಬಗ್ಗಲು ಹೆದರಿಕೆ. ಹಿಂದೆ ಅದು ಅವಳ ಮನೆಯ ಒಳಗೋಡೆ. ಮಳೆ ಬಿಸಿಲು ಕಾಣದ್ದು. ತೊಲೆ ಕಿತ್ತ ತೂತುಗಳೆಲ್ಲ ಬಾಯಿ ತೆರೆದುಕೊಂಡು, ಎರಡು ಮಳೆಗೇ ಕರಗಿ ಹೋಗಬೇಕಾಗಿದ್ದದ್ದು. ಅಲ್ಲಿ ಒಂದು ತೂತೂ ಇರಲಿಲ್ಲ. ಬುಡದಿಂದ ಮಾಳಿಗೆಯವರೆಗೆ ಸುಣ್ಣ ಸಗಣಿ ಕಲಸಿದ ಗಾರೆಯ ಮೆತ್ತನೆ, ಒಂದರ ಮೇಲೊಂದು, ಎಣಿಸಿದರೆ ಹತ್ತು ಪದರ. ನಮ್ಮ ಮಾಳಿಗೆಯ ಅಂಚಿನ ಕೆಳಗೆ, ಮೇಲಿನಿಂದ ಕಾಣದ ಹಾಗೆ, ನೀರು ಒಳಗಿಳಿಯದಂತೆ ಸಿಮೆಂಟಿನ ಪಟ್ಟಿ. ಬುಡದಲ್ಲಿ ಬೀದಿಯ ಕಡೆಗೆ ಇಳಿಜಾರಾಗಿ ಮಾಡಿದ ಸಣ್ಣ ಕಾಲುವೆ. ಗಾರೆಯ ಮೇಲೆಲ್ಲ ಬೆರಳಚ್ಚು. ಸಣ್ಣ ಕೈ, ಉದ್ದ ಬೆರಳು.

"ಆ ಸಂದಿನೊಳಗೆ ಕಲ್ಲಮ್ಮನೋರನ್ನ ಬಿಟ್ರೆ ಬೇರೆ ಯಾರು ಹಿಡಿಸ್ತಾರೆ ಹೇಳಿ," ಎಂದ ಚಿಕ್ಕಬೀರಪ್ಪ. "ಪ್ರತಿ ವರ್ಷ ಸುಣ್ಣ ಹದ ಮಾಡಿ ಕೊಡ್ತಿದ್ದೆ. ಯಾರಿಗೂ ಹೇಳ್ಬ್ಯಾಡ ಅಂದಿದ್ರು. ನೀವು ಪಂಚಾಯ್ತಿ ಮಾಡ್ಸಿದ್ಮೇಲೆ, ನೀವು ತವರಿಗೆ ಹೋದಾಗ ನೋಡ್ಕಂಡು ಮಾಡೋರು."

ಹತ್ತು ವರ್ಷ ಬೀದಿಯ ತುಂಬ ಬೈದು ಬಂದಿದ್ದೆ, ಅವಳು ಕೂತು ನನ್ನ ಗೋಡೆ ಮೆತ್ತುತ್ತಿದ್ದಳು! ಹೀಗೆ ಒಳ್ಳೆಯವಳಾಗಿಬಿಟ್ಟರೆ ನನಗೆ ಉಳಿಯುವುದೇನು? ತಾರಸಿಯಲ್ಲಿ ಗೆದ್ದಳು, ಈಗ ಇದರಲ್ಲೂ ಗೆದ್ದಳು. ಅಲ್ಲಿಂದ ಇಳಿದು ನೆಟ್ಟಗೆ ಅವಳ ಮನೆಯೊಳಗೆ ಹೋದೆ. ಆ ಹೊಸ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಕಲ್ಲಮ್ಮ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಯಾಕೇ ಮಾಡ್ದೆ?" ಎಂದೆ. "ನಾನು ಕೇಳಿದ್ನಾ?"

ಅವಳಿಗೆ ಗೊತ್ತಾಯಿತು. ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ನಿಮ್ ಗೋಡೆ ಬಿದ್ರೆ ನನ್ ಗೋಡೆ ಮೇಲೆ ತಾನೇ ಬೀಳೋದು?"

"ಸುಳ್ಳು ಹೇಳ್ಬೇಡ. ಮಲ್ಲಿಕಾರ್ಜುನಪ್ನೋರು ಕೇಳಿದಾಗ ಅಷ್ಟು ಹೇಳಕ್ಕೇನಾಗಿತ್ತು?"

ಇನ್ನೊಂದು ಅವರೆಕಾಯಿ ಸುಲಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದಳು.

"ಹೇಳ್ತೀನಿ ಕೇಳಿ. ಗೋಡೆ ಬಿದ್ರೆ ನೀವು ಹೊಸ ಮನೆ ಕಟ್ಟೋರು. ಮೇಷ್ಟ್ರ ಮನೆ, ನನ್ನದಕ್ಕಿಂತ ದೊಡ್ಡದಾಗೇ ಕಟ್ಟೋರು. ಬೀದೀಲಿ ಮೋಲ್ಡ್ ಮನೆ ನಂದೊಂದೇ ಇರ್ಲಿ, ನೀವು ಆ ಮಣ್ಣಿನ ಮಾಳ್ಗೆ ಕೆಳಗೇ ಇದ್ದು ನನ್ ಮನೇನ ದಿನಾ ನೋಡ್ಲಿ ಅಂತ ಮೆತ್ತಿದ್ದು. ಹತ್ತು ವರ್ಷ ನಿಲ್ಲಿಸ್ದೆ. ಇದನ್ನ ಹಿರೇರ ಮುಂದೆ ಹೇಳಕ್ಕಾಗುತ್ತಾ?"

ನಾನು ಕೆಳಗೆ ಕೂತುಬಿಟ್ಟೆ. ಎಷ್ಟು ಹಗುರವಾಯಿತು ಎಂದು ಹೇಳಲಾರೆ. ಇವಳು ದೇವತೆಯಲ್ಲ, ನನ್ನಂಥವಳೇ! ನನಗೆ ನಗು ಬಂತು, ಅವಳಿಗೂ ಬಂತು. ಇಬ್ಬರೂ ನಕ್ಕೆವು. ಆಮೇಲೆ ನಾನು ಸುತ್ತ ನೋಡಿದೆ. ಪಡಸಾಲೆ ನಿಜಕ್ಕೂ ಇಕ್ಕಟ್ಟಾಗಿತ್ತು. ಕಾಲು ಚಾಚಿದರೆ ಎದುರು ಗೋಡೆಗೆ ತಾಗುತ್ತಿತ್ತು. ನನ್ನ ನಗು ನಿಂತಿತು.

ಅವಳು ಅವರೆಕಾಯಿಯ ಮೊರ ಬದಿಗಿಟ್ಟು ವ್ಯವಹಾರಕ್ಕೆ ಬಂದಳು. "ಸಂದು ನಂದು, ಗೋಡೆ ನಂದು. ನೀವು ಈ ಕಡೆ ಬೇರೆ ಗೋಡೆ ಕಟ್ಬ್ಯಾಡಿ. ನಿಮ್ ಮೋಲ್ಡು ನನ್ ಗೋಡೆ ಮೇಲೇ ಕೂರಿಸ್ಕಳ್ಳಿ. ಹಳೇ ದಪ್ಪದ ಗೋಡೆ ಜಾಗ, ಸಂದು, ಎಲ್ಲ ನಿಮ್ ಪಡಸಾಲೆಗೆ ಬರುತ್ತೆ. ಬರೋ ವರ್ಷ ನಮ್ ಗುರುಶಾಂತಮ್ಮನ ಮದ್ವೆ. ಊಟ ನಿಮ್ ಪಡಸಾಲೇಲಿ ಆಗ್ಬೇಕು. ಅವತ್ತೊಂದಿನ ಅದು ನನ್ ಮನೆ. ಒಪ್ತೀರಾ?"

ಒಪ್ಪಿದೆ. ನಮ್ಮವರನ್ನು ಕೇಳಿ ಹೇಳುತ್ತೇನೆ ಎನ್ನಲಿಲ್ಲ.

ನಮ್ಮ ಮನೆ ಎದ್ದಿತು. ಬೀದಿಯಲ್ಲೆಲ್ಲ ಅಗಲವಾದ ಪಡಸಾಲೆ. ಮರುವರ್ಷದ ವೈಶಾಖದಲ್ಲಿ ಅವಳ ಮಗಳು ಗುರುಶಾಂತಮ್ಮನ ಮದುವೆಯೂ ಆಯಿತು. ಬೆಳಿಗ್ಗೆಯೇ ಕಲ್ಲಮ್ಮ ಬಂದು ಮಾಡಿದ ಮೊದಲ ಕೆಲಸ, ನಮ್ಮ ಹಿತ್ತಲ ಬಾಗಿಲ ಚಿಲಕ ಹಾಕಿದ್ದು. "ಇವತ್ತು ಈ ಬಾಗ್ಲು ಯಾರೂ ತೆಗ್ಯಂಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಎದುರುಬದುರು ಎರಡು ಪಂಕ್ತಿ ಕೂತವು. ನಡುವೆ ಬಡಿಸುವವರು ಆರಾಮವಾಗಿ ಓಡಾಡಿದರು. ಬೀಗರು ಕೂತರು, ಎಣ್ಣೆ ಗಿರಣಿಯ ಹಮಾಲರು ಕೂತರು, ಹೋಟೆಲಿನ ಪಾತ್ರೆ ತೊಳೆಯುವ ಅಂಜಿನಮ್ಮನೂ ಬೀಗರ ಎದುರು ಸಾಲಿನಲ್ಲೇ ಕೂತಳು. ಕಲ್ಲಮ್ಮ ತುಪ್ಪದ ಗಿಂಡಿ ಹಿಡಿದು ಪ್ರತಿ ಎಲೆಯ ಮುಂದೂ ತಾನೇ ಬಗ್ಗಿದಳು. ಸುಣ್ಣದ ಗೆರೆಯೊಳಗೆ ಅಂದು ಹೇಗೆ ಬಗ್ಗಿ ನಡೆದಿದ್ದಳೋ ಹಾಗೆಯೇ.

ಎಲ್ಲರದೂ ಮುಗಿದ ಮೇಲೆ ಉಳಿದವರು ನಾವಿಬ್ಬರು. ನಾನೇ ಎರಡು ಎಲೆ ಹಾಕಿದೆ, ಆ ಗೋಡೆಗೊಂದು, ಈ ಗೋಡೆಗೊಂದು. ಎದುರುಬದುರು ಕೂತೆವು. ಅವಳು ಅನ್ನ ಕಲಸಿದಳು, ಉಣ್ಣಲಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಕಣ್ಣಲ್ಲೇ ಅಳೆದಳು.

"ಎರಡೇ ಮೊಳ ಕಣ್ರಕ್ಕಾ," ಎಂದಳು. "ಅವತ್ತು ನಂಗೆ ಕಮ್ಮಿ ಬಿದ್ದಿದ್ದು ಎರಡೇ ಮೊಳ."

ಅವಳ ಮುಖ ನೋಡಿದೆ. ಆ ಉರಿ ನನಗೆ ಚೆನ್ನಾಗಿ ಗೊತ್ತು. ಹತ್ತು ವರ್ಷ ಕನ್ನಡಿಯಲ್ಲಿ ದಿನಾ ನೋಡಿದ್ದೆ. ಕಲ್ಲಮ್ಮನಿಗೆ ನನ್ನ ಮನೆ ನೋಡಿ ಹೊಟ್ಟೆಕಿಚ್ಚಾಗಬೇಕು ಎಂದು ನಾನು ಬೇಡದ ದೇವರಿರಲಿಲ್ಲ, ಈಗ ಅದು ನನ್ನ ಎದುರಿಗೇ ಕೂತಿತ್ತು. ನಾನು ಗೆದ್ದಿದ್ದೆ. ಬಾಯಿಗೆ ಎತ್ತಿದ ತುತ್ತನ್ನು ಎಲೆಗೇ ಹಿಂದಕ್ಕೆ ಹಾಕಿದೆ. ಎದ್ದು, ನನ್ನ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊಣಕೈಯಿಂದ ಚಿಲಕ ತಳ್ಳಿ, ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಪಕ್ಕದಲ್ಲಿ, ಅಂದು ಅವಳನ್ನು ಕೂರಿಸಿದ್ದ ಜಾಗದಲ್ಲೇ, ಮಣ್ಣಿನ ಮೇಲೆ ಕೂತೆ.

ಕಲ್ಲಮ್ಮ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಬೆಳಿಗ್ಗೇನೇ ಹೇಳಿರ್ಲಿಲ್ವೇನ್ರೀ ನಾನು?" ಎಂದು ಸಿಡಿದಳು. "ನನ್ ಮಗಳ ಮದ್ವೇಲಿ ಯಾರೂ ಹಿತ್ತಲಲ್ಲಿ ಉಣ್ಣಂಗಿಲ್ಲ. ಎದ್ದು ಒಳಗ್ ಬನ್ನಿ."

ನನ್ನ ಮನೆಯೊಳಗಿಂದ ನನ್ನನ್ನೇ ಒಳಗೆ ಕರೆಯುತ್ತಾಳಲ್ಲ ಎಂದು ಒಂದು ಗಳಿಗೆ ಮೈಯೆಲ್ಲ ಉರಿಯಿತು. ಆಮೇಲೆ ಎಲೆ ಎತ್ತಿಕೊಂಡು ಎದ್ದು ಒಳಗೆ ಹೋದೆ.